ಸೋದರಮಾವನ ಲೆಕ್ಕದಲ್ಲಿ ಒಬ್ಬ ಕಪ್ತಾನ

ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ಒಂದು ಗೋರಿಕಲ್ಲಿದೆ. ಅದರ ಮೇಲೆ ಕೆತ್ತಿದ ಹೆಸರು ತಪ್ಪು. ಕೆಳಗೆ ಮಲಗಿದವನೇನು ಸಾಮಾನ್ಯನಲ್ಲ. ಇಂಗ್ಲಿಷ್ ಕಾದಂಬರಿಯ ಚರಿತ್ರೆ ಬರೆಯುವವರು ಅವನನ್ನು ದಾಟಿ ಮುಂದೆ ಹೋಗುವಂತಿಲ್ಲ, ಎಂ.ಎ. ಇಂಗ್ಲಿಷ್ ಮಾಡುವವರು ಅವನನ್ನು ಓದದೆ ಪಾಸಾಗುವಂತಿಲ್ಲ. (ಗೈಡ್ ಓದಿ ಪಾಸಾದವರ ಮಾತು ಬೇರೆ.) ಆದರೂ ಕಲ್ಲುಕುಟಿಗ 'ತೆಯೊದೊರ್' ಎಂಬಲ್ಲಿ ಒಂದಕ್ಷರ ತಪ್ಪಿಸಿದ. ನನ್ನ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ನಮೂನೆ, ಆಧಾರಿನಲ್ಲಿ ಇನ್ನೊಂದು ನಮೂನೆ ಇದೆ. ಪಹಣಿಯಲ್ಲಂತೂ ಅಜ್ಜನ ಹೆಸರಿನೊಳಗೇ ಸೇರಿಹೋಗಿದೆ. ಹಾಗಾಗಿ ಆ ಕಲ್ಲಿನ ಸಂಗತಿ ಓದಿದ ದಿನದಿಂದ ಜೋಸೆಫ್ ಕಾನ್ರಾಡ್ ನನಗೆ ಬರೀ ಲೇಖಕನಾಗಿ ಉಳಿಯಲಿಲ್ಲ, ತಹಸೀಲ್ದಾರ್ ಕಚೇರಿಯ ಸಾಲಿನಲ್ಲಿ ಪಕ್ಕದಲ್ಲಿ ನಿಂತ ಮನುಷ್ಯನಾದ.

ಅವನ ಪೂರ್ತಿ ಹೆಸರು ಯೂಜೆಫ್ ತೆಯೊದೊರ್ ಕೊನ್ರಾದ್ ಕೊಜೆನ್ಯೊವ್‌ಸ್ಕಿ. ಇಷ್ಟು ಉದ್ದದ ಹೆಸರನ್ನು ಇಂಗ್ಲಿಷ್ ನಾವಿಕರ ಬಾಯಿಗೆ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಪ್ರತಿ ಹಡಗಿನ ಹಾಜರಿಪಟ್ಟಿಯಲ್ಲಿ ಒಂದೊಂದು ಅವತಾರ. ಕೊನೆಗೆ ಅವನೇ ಬೇಸತ್ತು ನಡುವಿನದೊಂದು ತುಂಡನ್ನು ಇಟ್ಟುಕೊಂಡು ಉಳಿದದ್ದನ್ನು ಪೆಟ್ಟಿಗೆಯಲ್ಲಿಟ್ಟ. ಹುಟ್ಟಿದ್ದು 1857ರ ಡಿಸೆಂಬರ್ 3ರಂದು, ಇವತ್ತು ಉಕ್ರೇನಿನಲ್ಲಿರುವ ಬೆರ್ದಿಚಿವ್ ಎಂಬಲ್ಲಿ. ಮನೆಯವರು ಪೋಲೆಂಡಿನವರು, ಆಳುವವನು ರಷ್ಯದ ಜಾರ್, ಪೋಲೆಂಡ್ ಎಂಬ ದೇಶವೇ ಆಗ ಭೂಪಟದಲ್ಲಿ ಇರಲಿಲ್ಲ. ಅಂದರೆ ಮನೆ ಬಿಟ್ಟು ಹೊರಡುವ ಮೊದಲೇ, ತೊಟ್ಟಿಲಲ್ಲಿದ್ದಾಗಲೇ, ಅವನು ಪರದೇಶಿ.

ಅಪ್ಪ ಅಪೊಲೊ ಕವಿ, ಅನುವಾದಕ, ಬಂಡಾಯಗಾರ. ಮೂರೂ ಒಬ್ಬರಲ್ಲೇ ಸೇರಿದರೆ ಹೆಂಡತಿ ಮಕ್ಕಳ ಗತಿ ಏನೆಂದು ನಮ್ಮಲ್ಲೂ ಕಂಡವರಿದ್ದಾರೆ. 1862ರಲ್ಲಿ ಸರ್ಕಾರ ಆತನನ್ನು ಹೆಂಡತಿ ಮತ್ತು ನಾಲ್ಕು ವರ್ಷದ ಮಗನ ಸಮೇತ ಉತ್ತರ ರಷ್ಯದ ವೊಲೊಗ್ದಾ ಎಂಬ ಚಳಿಯ ಊರಿಗೆ ಗಡೀಪಾರು ಮಾಡಿತು. ತಾಯಿ 1865ರಲ್ಲಿ ಹೋದಳು, ತಂದೆ 1869ರಲ್ಲಿ. ಹನ್ನೊಂದು ವರ್ಷದ ಹುಡುಗನನ್ನು ಯಾರು ನೋಡಿಕೊಳ್ಳಬೇಕು? ನಮ್ಮ ಕಡೆ ಯಾರು ನೋಡಿಕೊಳ್ಳುತ್ತಿದ್ದರೋ ಅವರೇ. ತಾಯಿಯ ಅಣ್ಣ, ಸೋದರಮಾವ ತಾದೇವುಶ್ ಬೊಬ್ರೊವ್‌ಸ್ಕಿ.

ಈ ಮಾವನ ಬಗ್ಗೆ ನನಗೆ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾನೂ ಒಬ್ಬ ಸೋದರಮಾವ, ನನ್ನ ಅಕ್ಕನ ಮಗನೂ ಹಡಗಿನ ಮೇಲಿದ್ದಾನೆ. ನಮ್ಮದು ರಾಯಚೂರು. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ, ಎರಡರ ನಡುವೆ ಕುಡಿಯುವ ನೀರಿಗೆ ಟ್ಯಾಂಕರ್. ಹಡಗಿನ ಕೆಲಸಕ್ಕೆ ಹೋಗುವವರು ಕಾರವಾರ, ಭಟ್ಕಳ, ಮಂಗಳೂರು ಕಡೆಯವರು ಎಂದು ನಾವೆಲ್ಲ ಒಪ್ಪಿಕೊಂಡು ತಣ್ಣಗಿದ್ದೆವು. ನಮ್ಮವರು ನೀರಿನ ಮೇಲೆ ಮಾಡಿದ ಪ್ರಯಾಣವೆಂದರೆ ಕುರುವಗಡ್ಡೆಗೆ ಹರಿಗೋಲಿನಲ್ಲಿ ಹೋದದ್ದು. ಅಂಥ ಮನೆಯ ಹುಡುಗ ಪಿಯುಸಿ ಮುಗಿಸಿ, ಮರ್ಚೆಂಟ್ ನೇವಿಗೆ ಹೋಗ್ತೀನಿ ಎಂದಾಗ ಅಕ್ಕ ಊಟ ಬಿಟ್ಟಳು, ಭಾವ ಮಾತು ಬಿಟ್ಟರು. ಬುದ್ಧಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬುದ್ಧಿ ಹೇಳಿಸಿಕೊಂಡವನು ಈಗ ಸಿಂಗಪುರದ ಆಚೆ ಎಲ್ಲೋ ಇದ್ದಾನೆ.

ಬೊಬ್ರೊವ್‌ಸ್ಕಿಯೂ ಇದನ್ನೇ ಮಾಡಿದ. ಹುಡುಗ ಸಮುದ್ರಕ್ಕೆ ಹೋಗುತ್ತೇನೆ ಎಂದು ಹಟ ಹಿಡಿದಾಗ, ಮನೆಪಾಠದ ಮೇಷ್ಟರ ಜೊತೆ ಅವನನ್ನು ಸ್ವಿಟ್ಜರ್ಲೆಂಡ್ ಪ್ರವಾಸಕ್ಕೆ ಕಳಿಸಿದ. ದಾರಿಯಲ್ಲಿ ಬುದ್ಧಿ ಹೇಳಿ ಆ ಹುಚ್ಚು ಬಿಡಿಸಬೇಕೆಂದು ಮೇಷ್ಟರಿಗೆ ಒಳಗಿಂದೊಳಗೆ ಸೂಚನೆ. ಆಲ್ಪ್ಸ್ ಪರ್ವತದ ಮೇಲೆ ಮೇಷ್ಟರು ವಾದ ಮಾಡಿ ಮಾಡಿ ಸುಸ್ತಾಗಿ, ಇವನೊಬ್ಬ ತಿದ್ದಲಾಗದ ಡಾನ್ ಕ್ವಿಕ್ಸೋಟ್ ಎಂದು ಕೈಚೆಲ್ಲಿದರು. 1874ರ ಅಕ್ಟೋಬರಿನಲ್ಲಿ, ಹದಿನೇಳು ತುಂಬುವ ಮೊದಲೇ, ಹುಡುಗ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಹೋಗುವ ರೈಲು ಹತ್ತಿದ. ಮಾವ ಖರ್ಚಿಗೆ ವರ್ಷಕ್ಕಿಷ್ಟೆಂದು ಗೊತ್ತು ಮಾಡಿ, ಒಂದು ಲೆಕ್ಕದ ಪುಸ್ತಕ ತೆರೆದ.

ಆ ಪುಸ್ತಕ ಸುಳ್ಳಲ್ಲ, ಇಂದಿಗೂ ಪಂಡಿತರು 'ಬೊಬ್ರೊವ್‌ಸ್ಕಿ ದಾಖಲೆ' ಎಂದು ಕರೆದು ಅದನ್ನು ಉಲ್ಲೇಖಿಸುತ್ತಾರೆ. ಪ್ರೀತಿಯ ಸೋದರಳಿಯನ ಮಾಹಿತಿಗಾಗಿ ಎಂದು ಅದರ ನೆತ್ತಿಯ ಮೇಲೆ ಬರೆದಿದೆ. ಒಳಗೆ ಇರುವುದೆಲ್ಲ ರೂಬಲ್ಲು, ಫ್ರಾಂಕು. ಯಾವ ತಿಂಗಳು ಎಷ್ಟು ಕಳಿಸಿದೆ, ಯಾಕೆ ಕಳಿಸಿದೆ, ಕಳಿಸಿದ್ದನ್ನು ನೀನು ಎಲ್ಲಿ ಕಳೆದೆ. ನನಗಂತೂ ಇದರಷ್ಟು ಚಂದದ ಜೀವನಚರಿತ್ರೆ ಇನ್ನೊಂದಿಲ್ಲ ಅನಿಸುತ್ತದೆ. ಕಪ್ತಾನನೇ ಬರೆದ ಆತ್ಮಕಥೆಯಲ್ಲಿ ಸಮುದ್ರ ಗಂಭೀರವಾಗಿ ಮೊರೆಯುತ್ತದೆ, ಮಾವನ ಪುಸ್ತಕದಲ್ಲಿ ಅದೇ ಸಮುದ್ರ ಖರ್ಚಿನ ಕಲಮಿನಲ್ಲಿ ಬರುತ್ತದೆ.

ದೊಡ್ಡ ಖರ್ಚು ಬಂದದ್ದು 1878ರಲ್ಲಿ. ಹುಡುಗ ಮಾರ್ಸೇಲ್ಸಿನಲ್ಲಿ ಸಾಲ ಮಾಡಿದ್ದ, ಕಳ್ಳಸಾಗಣೆಯಲ್ಲಿ ದುಡ್ಡು ಹಾಕಿ ಮುಳುಗಿದ್ದ. ಸ್ನೇಹಿತನಿಂದ 800 ಫ್ರಾಂಕ್ ತಂದು ಮಾಂಟಿ ಕಾರ್ಲೊದ ಜೂಜಿನ ಮನೆಯಲ್ಲಿ ಅದನ್ನೂ ಕಳೆದು, ಎದೆಗೆ ಗುಂಡು ಹೊಡೆದುಕೊಂಡ. ಬದುಕಿದ್ದು ಅದೃಷ್ಟ. ಕೀವ್‌ನಲ್ಲಿದ್ದ ಮಾವನಿಗೆ ಹುಡುಗನಿಗೆ ಗಾಯವಾಗಿದೆ, ಹಣ ಕಳಿಸಿ, ಬನ್ನಿ ಎಂದು ತಂತಿ ಬಂತು. ಮಾವ ಬಂದ, ಸಾಲಗಳನ್ನೆಲ್ಲ ತೀರಿಸಿದ, ಹದಿನೈದು ದಿನ ಪಕ್ಕದಲ್ಲಿ ಕೂತು ನೋಡಿದ, ಊರಿನಲ್ಲಿ ಕೇಳಿದವರಿಗೆಲ್ಲ ದ್ವಂದ್ವಯುದ್ಧದಲ್ಲಿ ಗಾಯವಾಯಿತು ಎಂದು ಹೇಳಿದ. ನಿಜವನ್ನು ಹುಡುಗನ ಅಪ್ಪನ ಒಬ್ಬ ಹಳೆಯ ಗೆಳೆಯನಿಗೆ ಬರೆದ ಕಾಗದದಲ್ಲಿ ಮಾತ್ರ ತಿಳಿಸಿದ. ಆ ಕಾಗದ ಸಿಕ್ಕಿರದಿದ್ದರೆ ದ್ವಂದ್ವಯುದ್ಧವೇ ಚರಿತ್ರೆಯಾಗಿರುತ್ತಿತ್ತು. ಕಪ್ತಾನನೂ ಸಾಯುವತನಕ ಅದೇ ಕಥೆಯನ್ನು ಹೇಳಿಕೊಂಡು ಬಂದ. ಮನೆತನದ ಮಾನ ಕಾಯುವುದು ಸೋದರಮಾವಂದಿರ ಕೆಲಸ, ಅದರಲ್ಲಿ ಪೋಲೆಂಡು ರಾಯಚೂರು ಭೇದವಿಲ್ಲ.

ಇಷ್ಟಕ್ಕೂ ಆ ಹುಡುಗನ ಮೂಲ ತೊಂದರೆ ದುಡ್ಡಿನದಲ್ಲ, ಕಾಗದಪತ್ರದ್ದು. ಅವನು ರಷ್ಯದ ಪ್ರಜೆ, ಅದರಲ್ಲೂ ಶಿಕ್ಷೆಗೊಳಗಾದವನ ಮಗ. ಸೈನ್ಯದ ಸೇವೆ ಬಾಕಿ ಇದ್ದವನನ್ನು ರಷ್ಯದ ಕಾನ್ಸುಲನ ಅಪ್ಪಣೆ ಇಲ್ಲದೆ ಫ್ರೆಂಚ್ ಹಡಗುಗಳು ಸೇರಿಸಿಕೊಳ್ಳುವಂತಿಲ್ಲ. ಬ್ರಿಟಿಷ್ ಹಡಗುಗಳು ಇಂಥದ್ದನ್ನೆಲ್ಲ ಕೇಳುತ್ತಿರಲಿಲ್ಲ, ಕೈಕಾಲು ಗಟ್ಟಿಯಿದ್ದರೆ ಸಾಕು. ಹೀಗಾಗಿ ಇಂಗ್ಲಿಷ್ ಸಾಹಿತ್ಯಕ್ಕೆ ಒಬ್ಬ ಮಹಾನ್ ಲೇಖಕ ದಕ್ಕಿದ್ದು ಷೇಕ್ಸ್‌ಪಿಯರನ ಮೋಹದಿಂದಲ್ಲ, ಫಾರಂ ತುಂಬುವ ರಗಳೆ ಕಡಿಮೆ ಇದ್ದದ್ದರಿಂದ. 1878ರ ಜೂನ್ 10ರಂದು 'ಮೇವಿಸ್' ಎಂಬ ಹಡಗಿನಿಂದ ಅವನು ಲೋವೆಸ್ಟಾಫ್ಟ್ ಬಂದರಿನಲ್ಲಿ ಇಳಿದಾಗ ವಯಸ್ಸು ಇಪ್ಪತ್ತು, ಬರುತ್ತಿದ್ದ ಇಂಗ್ಲಿಷು ಬೆರಳೆಣಿಕೆಯಷ್ಟು. ಕಲ್ಲಿದ್ದಲು ಹೊರುವ ಪುಟ್ಟ ಹಡಗೊಂದರ ಮೇಲೆ, ಪೂರ್ವ ಕರಾವಳಿಯ ನಾವಿಕರ ಬಾಯಿಂದ ಅವನು ಆ ಭಾಷೆ ಕಲಿತ. ಆ ಬಾಯಿಗಳಿಂದ ಏನೇನು ಕಲಿತಿರಬಹುದೆಂಬುದನ್ನು ಯಾವ ವ್ಯಾಕರಣದ ಪುಸ್ತಕವೂ ಅಚ್ಚು ಹಾಕುವುದಿಲ್ಲ.

ಮುಂದಿನದು ಪರೀಕ್ಷೆಗಳ ಪರ್ವ. ಸೆಕೆಂಡ್ ಮೇಟ್, ಫಸ್ಟ್ ಮೇಟ್, ಮಾಸ್ಟರ್. ಇವತ್ತಿಗೂ ನಮ್ಮ ಹುಡುಗರು ಹತ್ತುವುದು ಇದೇ ಮೆಟ್ಟಿಲು. ಬರೆಯುವ ಪರೀಕ್ಷೆಗಿಂತ ಅವರನ್ನು ನಡುಗಿಸುವುದು 'ಓರಲ್ಸ್', ಬಾಯಿಪರೀಕ್ಷೆ. ನನ್ನ ಅಳಿಯ ಮೊದಲ ಸಲ ಅದನ್ನು ಮುಗಿಸಿ ಹೊರಬಂದವನು ಫೋನ್ ಮಾಡಿದ.

"ಮಾಮಾ, ಆ ಸಾಹೇಬ್ರು ನನ್ನ ಹಡಗಿನ ಎಂಜಿನ್ ಬಂದ್ ಮಾಡಿದ್ರು. ಆಮ್ಯಾಲೆ ಎರಡೂ ಲಂಗರು ಕಿತ್ತು ಒಗದ್ರು. ಗಾಳಿ ದಂಡಿ ಕಡಿಗಿ ದೂಡಲಿಕತ್ತದ, ಈಗ ಏನ್ ಮಾಡ್ತಿ ಅಂತ ಕೇಳಿದ್ರು."

"ನೀ ಏನಂದಿ?"

"ರೇಡಿಯೋದಾಗ ಮಂದೀನ್ನ ಕರೀತೀನಿ ಅಂದೆ. ರೇಡಿಯೋನೂ ಕೆಟ್ಟದ ಅಂದ್ರು."

ನಾನು ಅವನಿಗೆ ಕಾನ್ರಾಡನ ಪರೀಕ್ಷೆಯ ಕಥೆ ಹೇಳಿದೆ. ಲಂಡನ್ನಿನ ಪರೀಕ್ಷಕನೊಬ್ಬ ಅವನನ್ನೂ ಒಂದು ಕಾಲ್ಪನಿಕ ಹಡಗಿನ ಮೇಲೆ ಕೂರಿಸಿ, ಒಂದಾದ ಮೇಲೊಂದು ಆಪತ್ತು ತಂದೊಡ್ಡಿ, ಇದ್ದಬದ್ದ ಸಾಮಾನೆಲ್ಲ ಕಿತ್ತುಕೊಂಡು, ದಡಕ್ಕೆ ಬಡಿಯುವ ಹಂತಕ್ಕೆ ತಂದು ನಿಲ್ಲಿಸಿದ. ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಅಭ್ಯರ್ಥಿ ಒಪ್ಪಿಕೊಂಡಾಗ, ಪ್ರಾರ್ಥನೆಯಾದರೂ ಮಾಡಬಹುದಿತ್ತಲ್ಲ ಎಂದು ಎದ್ದು ನಿಂತು ಆಕಳಿಸಿದನಂತೆ. ಅಳಿಯ ನಕ್ಕ, ನಗು ಅಷ್ಟು ಚಲೋ ಇರಲಿಲ್ಲ. ಆ ಸಲ ಅವನು ಫೇಲು. ಸಮಾಧಾನಕ್ಕೆ ಇನ್ನೊಂದು ಸಂಗತಿ ಹೇಳಬೇಕಾಯಿತು. ಆತ್ಮಕಥೆಯಲ್ಲಿ ಈ ಪರೀಕ್ಷೆಗಳನ್ನು ರಸವತ್ತಾಗಿ ಬಣ್ಣಿಸಿದ ಮಹಾಶಯ ಒಂದನ್ನು ಮಾತ್ರ ನುಂಗಿಕೊಂಡಿದ್ದಾನೆ. 1884ರ ನವೆಂಬರಿನಲ್ಲಿ ಫಸ್ಟ್ ಮೇಟ್ ಪರೀಕ್ಷೆಯಲ್ಲಿ ಅವನು ಫೇಲಾಗಿದ್ದ, 1886ರ ಜುಲೈನಲ್ಲಿ ಮಾಸ್ಟರ್ ಪರೀಕ್ಷೆಯಲ್ಲೂ ಫೇಲಾಗಿದ್ದ. ಸರ್ಕಾರಿ ಕಡತಗಳು ಬಾಯಿಬಿಟ್ಟ ಮೇಲೆ ಲೋಕಕ್ಕೆ ಗೊತ್ತಾಯಿತು. ಎರಡನ್ನೂ ಎರಡನೇ ಸಲಕ್ಕೆ ಪಾಸು ಮಾಡಿದ, ಅದರಲ್ಲಿ ಒಂದನ್ನು ಪಾಸು ಮಾಡಿದ್ದು ಹುಟ್ಟುಹಬ್ಬದ ದಿನ. ಅಳಿಯನಿಗೆ ಕಾನ್ರಾಡನ ಮೇಲೆ ಭಕ್ತಿ ಹುಟ್ಟಿದ್ದು ಅವತ್ತೇ. ಪುಸ್ತಕ ಮಾತ್ರ ಇವತ್ತಿನವರೆಗೂ ಒಂದೂ ಓದಿಲ್ಲ.

ಇನ್ನು ನಮ್ಮೂರಿನ ವಿಷಯಕ್ಕೆ ಬರುತ್ತೇನೆ.

1884ರ ಏಪ್ರಿಲಿನಲ್ಲಿ ಕಾನ್ರಾಡ್ 'ರಿವರ್ಸ್‌ಡೇಲ್' ಎಂಬ ಹಡಗಿನ ಸೆಕೆಂಡ್ ಮೇಟ್ ಆಗಿ ಮದರಾಸಿಗೆ ಬಂದ. ಅಲ್ಲಿ ಕಪ್ತಾನನಿಗೆ ಆರೋಗ್ಯ ಕೆಟ್ಟಿತು, ಡಾಕ್ಟರನ್ನು ಕರೆತರಲು ಇವನನ್ನು ದಡಕ್ಕೆ ಕಳಿಸಿದರು. ಇವನು ಡಾಕ್ಟರಿಗೆ ಕಪ್ತಾನರ ಕಾಯಿಲೆ ಬಾಟಲಿಯಿಂದ ಬಂದದ್ದು ಎಂಬ ಅರ್ಥ ಬರುವಂತೆ ಏನೋ ಹೇಳಿದ. ಮಾತು ತಿರುಗಿ ಕಪ್ತಾನನ ಕಿವಿಗೆ ಬಿತ್ತು. ನೌಕರಿ ಹೋಯಿತು. ಆಗೆಲ್ಲ ಹಡಗು ಬಿಡುವಾಗ ಒಂದು ಚೀಟಿ ಕೊಡುತ್ತಿದ್ದರು, ಈಗಿನ ಹುಡುಗರು ಕಿಸೆಯಲ್ಲಿಟ್ಟುಕೊಂಡು ತಿರುಗುವ 'ಸಿಡಿಸಿ' ಪುಸ್ತಕದ ಮುತ್ತಜ್ಜ ಅದು. ಅದರಲ್ಲಿ ಕೆಲಸದ ಸಾಮರ್ಥ್ಯ ಎಂಬಲ್ಲಿ ಕಪ್ತಾನ 'ಬಹಳ ಉತ್ತಮ' ಎಂದು ಬರೆದ. ನಡತೆ ಎಂಬಲ್ಲಿ 'ಹೇಳಲು ಒಲ್ಲೆ' ಎಂದು ಬರೆದ. ಕೆಟ್ಟದು ಎಂದು ಬರೆದಿದ್ದರೂ ಚೆನ್ನಾಗಿತ್ತು. ಒಲ್ಲೆ ಅಂದರೆ ಓದುವವನು ತನಗೆ ಬೇಕಾದಷ್ಟು ಕೆಟ್ಟದ್ದನ್ನು ತಾನೇ ಊಹಿಸಿಕೊಳ್ಳಬಹುದು. ಕೆಲವೇ ದಿನಗಳಲ್ಲಿ ಆ ಹಡಗು ಆಂಧ್ರದ ಕರಾವಳಿಯಲ್ಲಿ ನೆಲ ಹತ್ತಿ ಕೂತು, ವಿಚಾರಣೆಯಾಗಿ, ಕಪ್ತಾನನ ಸರ್ಟಿಫಿಕೇಟಿಗೇ ಕುತ್ತು ಬಂತು. ಅಷ್ಟರಲ್ಲಿ ಇವನು ಬೊಂಬಾಯಿಗೆ ರೈಲು ಹತ್ತಿಯಾಗಿತ್ತು.

ಮದರಾಸಿನಿಂದ ಬೊಂಬಾಯಿಗೆ ಆಗ ಇದ್ದದ್ದು ಒಂದೇ ರೈಲುದಾರಿ. ಮದರಾಸ್ ರೈಲ್ವೆಯೂ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ 1871ರಲ್ಲಿ ಬಂದು ಕೂಡಿದ್ದು ಎಲ್ಲಿ? ರಾಯಚೂರಿನಲ್ಲಿ. ಗುಂತಕಲ್, ಆದವಾನಿ, ರಾಯಚೂರು, ಕೃಷ್ಣಾ ಸೇತುವೆ, ಯಾದಗಿರಿ, ವಾಡಿ, ಕಲಬುರಗಿ, ಸೊಲ್ಲಾಪುರ. ಇಪ್ಪತ್ತನೇ ಶತಮಾನದ ಕಾದಂಬರಿಯ ದಿಕ್ಕು ಬದಲಿಸಿದ ಮನುಷ್ಯ ಏಪ್ರಿಲ್ ತಿಂಗಳ ಬಿಸಿಲಲ್ಲಿ ನಮ್ಮ ಸ್ಟೇಷನ್ನಿನ ಮೇಲೆ ಹಾದು ಹೋದ! ಏಪ್ರಿಲಿನ ರಾಯಚೂರು ಹೇಗಿರುತ್ತದೆಂದು ಬಲ್ಲವರಿಗೆ ಹೇಳಬೇಕಿಲ್ಲ, ಅರಿಯದವರಿಗೆ ಹೇಳಿದರೆ ನಂಬುವುದಿಲ್ಲ. ಕೃಷ್ಣೆಯಲ್ಲಿ ನೀರಿಗಿಂತ ಬಂಡೆ ಹೆಚ್ಚು. ಡಬ್ಬಿಯ ಕಟ್ಟಿಗೆ, ಕಬ್ಬಿಣ ಮುಟ್ಟಿದರೆ ಕೈ ಸುಡುತ್ತದೆ. ಕಿಸೆಯಲ್ಲಿ 'ಒಲ್ಲೆ' ಎಂದು ಬರೆದ ಚೀಟಿ. ಸುತ್ತ ನೂರಾರು ಮೈಲಿ ಸಮುದ್ರವಿಲ್ಲ. ಕೆಲಸ ಕಳೆದುಕೊಂಡ ಇಪ್ಪತ್ತಾರು ವರ್ಷದ ನಾವಿಕನಿಗೆ ಇದಕ್ಕಿಂತ ತಕ್ಕ ಊರು ದೇವರೂ ಹುಡುಕಿ ಕೊಡಲಾರ.

ಆದರೆ ನನ್ನ ತಕರಾರು ಬೇರೆ. ಬೊರ್ನಿಯೋದ ಒಂದು ನದಿಯ ದಂಡೆಗೆ ನಾಲ್ಕಾರು ಸಲ ಹೋಗಿಬಂದದ್ದಕ್ಕೆ ಈ ಪುಣ್ಯಾತ್ಮ ಕಾದಂಬರಿಯ ಮೇಲೆ ಕಾದಂಬರಿ ಬರೆದ. ಕಾಂಗೋ ನದಿಯ ಮೇಲೆ ಜ್ವರ ಹಿಡಿಸಿಕೊಂಡು ಬಂದದ್ದಕ್ಕೆ 'ಹಾರ್ಟ್ ಆಫ್ ಡಾರ್ಕ್‌ನೆಸ್' ಬರೆದ. ಸಯಾಮಿನ ಖಾರಿಯಲ್ಲಿ ಗಾಳಿ ನಿಂತದ್ದಕ್ಕೆ ಒಂದು ಪುಸ್ತಕ. ರಾಯಚೂರಿನ ಪಾಲಿಗೆ? ಒಂದು ವಾಕ್ಯವೂ ಇಲ್ಲ. ಬಿಸಿಲು ಜೋರಿತ್ತು ಎಂದಾದರೂ ಬರೆಯಬಹುದಿತ್ತು. ಎಂ.ಎ. ಹುಡುಗರು ಅದಕ್ಕೂ ಒಂದು ಸಾಂಕೇತಿಕ ಅರ್ಥ ಹಚ್ಚುತ್ತಿದ್ದರು, ನಮ್ಮೂರು ಲಂಡನ್ನಿನ ಸೆಮಿನಾರುಗಳಲ್ಲಿ ಓಡಾಡುತ್ತಿತ್ತು.

ಬೊಂಬಾಯಿಯಲ್ಲಿ ಅವನಿಗೆ ಕಣ್ಣು ತುಂಬ ಸಮುದ್ರ ಸಿಕ್ಕಿತು. ನಾವಿಕರ ವಸತಿಗೃಹದ ಜಗಲಿಯಲ್ಲಿ ಕೂತಿದ್ದಾಗ ಬಂದರಿನೊಳಗೆ ಹಾಯಿ ಬಿಚ್ಚಿ ಬರುತ್ತಿದ್ದ ಒಂದು ಸುಂದರ ಹಡಗು ಕಂಡು ಮನಸೋತನಂತೆ. ಏಪ್ರಿಲ್ 28ರಂದು ಅದರಲ್ಲೇ ಸೆಕೆಂಡ್ ಮೇಟ್ ಆಗಿ ರುಜು ಹಾಕಿದ. ಹಡಗಿನ ಹೆಸರು 'ನಾರ್ಸಿಸಸ್'. ಹದಿಮೂರು ವರ್ಷಗಳ ಮೇಲೆ ಅದೇ ಹೆಸರನ್ನು ಹೊತ್ತ ಕಾದಂಬರಿಯೇ ಅವನಿಗೆ ದೊಡ್ಡ ಕೀರ್ತಿ ತಂದಿತು. ಆ ವಸತಿಗೃಹದ ಕಟ್ಟಡದಲ್ಲಿ ಈಗ ಮಹಾರಾಷ್ಟ್ರ ಪೊಲೀಸರ ಕೇಂದ್ರ ಕಚೇರಿ ಇದೆ. ಈಗ ಆ ಜಗಲಿಯಲ್ಲಿ ಹಾಗೆ ಸುಮ್ಮನೆ ಕೂತು ಹಡಗು ನೋಡಲು ಯಾರೂ ಬಿಡಲಿಕ್ಕಿಲ್ಲ.

ಎರಡು ವರ್ಷ ಕಳೆದು, 1886ರಲ್ಲಿ, ಎರಡು ದೊಡ್ಡ ಕಾಗದಗಳು ಕೈಗೆ ಬಂದವು. ಆಗಸ್ಟಿನಲ್ಲಿ ಬ್ರಿಟಿಷ್ ಪೌರತ್ವ, ನವೆಂಬರಿನಲ್ಲಿ ಕಪ್ತಾನನ ಸರ್ಟಿಫಿಕೇಟು. ಪೌರತ್ವದ ಅರ್ಜಿ ಹಾಕಿದೆಯಾ, ಇನ್ನೂ ಹಾಕಿಲ್ಲವಾ ಎಂದು ಮಾವ ಪ್ರತಿ ಕಾಗದದಲ್ಲೂ ಚುಚ್ಚುತ್ತಿದ್ದ. ಒಂದು ದೇಶ ಒಳಗೆ ಬಾ ಅಂದರೆ ಸಾಕೆ, ಇನ್ನೊಂದು ದೇಶ ಹೋಗು ಅನ್ನಬೇಡವೇ? ರಷ್ಯ ಅನ್ನಲಿಲ್ಲ. ಲಂಡನ್ನಿನ ರಷ್ಯನ್ ರಾಯಭಾರ ಕಚೇರಿಗೆ ಅಲೆದಲೆದು, 1889ರಲ್ಲಿ ಬಿಡುಗಡೆ ಸಿಕ್ಕಿತು. ಕಡಲಿನಲ್ಲಿ ಅವನು ಕಂಡ ಬಿರುಗಾಳಿಗಳನ್ನು ಎಲ್ಲರೂ ಕೊಂಡಾಡುತ್ತಾರೆ. ಆ ಕಚೇರಿಯ ಬೆಂಚಿನ ಮೇಲೆ ಕಳೆದ ಹೊತ್ತಿನ ಬಗ್ಗೆ ಯಾರಾದರೂ ಬರೆಯಬೇಕು.

ಕಪ್ತಾನಗಿರಿ ಬಂದದ್ದು 1888ರ ಜನವರಿಯಲ್ಲಿ. 'ಒಟಾಗೊ' ಎಂಬ ಕಬ್ಬಿಣದ ಹಾಯಿಹಡಗಿನ ಕಪ್ತಾನ ನಡುದಾರಿಯಲ್ಲೇ ಸತ್ತು, ಹಡಗು ಬ್ಯಾಂಕಾಕಿನಲ್ಲಿ ಅನಾಥವಾಗಿ ನಿಂತಿತ್ತು. ಸಿಂಗಪುರದ ಬಂದರಿನ ಅಧಿಕಾರಿ ಇವನನ್ನು ಕರೆಸಿ ಕಳಿಸಿದ. ಹೋಗಿ ನೋಡಿದರೆ ನಾವಿಕರಲ್ಲಿ ಹಲವರು ಜ್ವರದಲ್ಲಿ ಮಲಗಿದ್ದಾರೆ. ಬ್ಯಾಂಕಾಕಿನಿಂದ ಸಿಂಗಪುರಕ್ಕೆ ಕೆಲವೇ ದಿನಗಳ ದಾರಿ, ಗಾಳಿಯಿಲ್ಲದೆ ಮೂರು ವಾರ ಹಿಡಿಯಿತು. ಮೂವತ್ತು ವರ್ಷದ ಹೊಸ ಕಪ್ತಾನ, ಅವನ ಉಚ್ಚಾರಣೆ ಅರ್ಥವಾಗದ ಸಿಬ್ಬಂದಿ, ಕೆಲಸದಲ್ಲಿ ತನಗಿಂತ ಹಳಬನಾದ ಜರ್ಮನ್ ಮೇಟು. ವರ್ಗವಾಗಿ ಬಂದ ಹೊಸ ಹೆಡ್‌ಮಾಸ್ತರರ ಪಾಡು ಇದಕ್ಕಿಂತ ಮೇಲು.

ಆ ಹಡಗಿನಲ್ಲಿ ಅವನು ಮಾರಿಷಸ್ಸಿಗೆ ಹೋದ ಕಥೆ ನನಗೆ ಬಹಳ ಇಷ್ಟ. ಪೋರ್ಟ್ ಲೂಯಿ ಬಂದರಿನಲ್ಲಿ ಉಳಿದ ಕಪ್ತಾನರೆಲ್ಲ ಮಾಸಿದ ಕೋಟಿನಲ್ಲಿ ಓಡಾಡುತ್ತಿದ್ದರೆ, ಇವನು ಮಾತ್ರ ಟೋಪಿ, ಕೈಗವಸು, ಚಿನ್ನದ ಹಿಡಿಯ ಬೆತ್ತ ಹಿಡಿದು ಇಸ್ತ್ರಿ ಮುರಿಯದೆ ಬರುತ್ತಿದ್ದ. ಅವರೆಲ್ಲ ಇವನಿಗೆ ಬೆನ್ನ ಹಿಂದೆ 'ರಷ್ಯನ್ ಕೌಂಟ್' ಎಂದು ಅಡ್ಡಹೆಸರಿಟ್ಟರು. ಯಾವ ರಷ್ಯ ಅಪ್ಪನನ್ನು ಗಡೀಪಾರು ಮಾಡಿತೋ, ಯಾವ ರಷ್ಯದ ಕಚೇರಿಗೆ ಅರ್ಜಿ ಹಾಕಿ ಹಾಕಿ ಚಪ್ಪಲಿ ಸವೆದಿತ್ತೋ, ಅದೇ ರಷ್ಯ ಹಿಂದೂ ಮಹಾಸಾಗರದ ನಡುವಿನ ನಡುಗಡ್ಡೆಯಲ್ಲೂ ಬಂದು ಅಂಟಿಕೊಂಡಿತು. ಅಲ್ಲಿನ ಫ್ರೆಂಚ್ ಮನೆಯೊಂದಕ್ಕೆ ಹೋಗಿಬರುತ್ತ, ಆ ಮನೆಯ ಯುಜೆನಿ ರೆನೂಫ್ ಎಂಬ ಹುಡುಗಿಯ ಮೇಲೆ ಕಪ್ತಾನರಿಗೆ ಮನಸ್ಸಾಯಿತು. ಪದ್ಧತಿಯ ಪ್ರಕಾರ ಅಣ್ಣನ ಹತ್ತಿರ ಕೈ ಕೇಳಿದರು. ಆಕೆಗೆ ಆಗಲೇ ನಿಶ್ಚಿತಾರ್ಥವಾಗಿತ್ತು. ಊರಲ್ಲೆಲ್ಲ ಗೊತ್ತಿದ್ದ ಈ ಸಂಗತಿಯನ್ನು ಪರದೇಶಿಗೆ ಯಾರೂ ಹೇಳಿರಲಿಲ್ಲ. ಅವನು ಸಕ್ಕರೆ ತುಂಬಿಸಿಕೊಂಡು ಮೆಲ್ಬರ್ನ್‌ಗೆ ಹೊರಟುಹೋದ, ಮತ್ತೆ ಆ ನಡುಗಡ್ಡೆಗೆ ಕಾಲಿಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಲ್ಲಿಯದೇ ಒಂದು ಕಥೆ ಬರೆದ. ಅದರ ಕಪ್ತಾನ ಹುಡುಗಿಯ ಆಸೆಗೆ ಹೋಗಿ ಆಲೂಗಡ್ಡೆ ಕೊಂಡು ಬರುತ್ತಾನೆ. ಆಲೂಗಡ್ಡೆಗೆ ಮುಂದಿನ ಬಂದರಿನಲ್ಲಿ ಒಳ್ಳೆ ರೇಟು ಸಿಗುತ್ತದೆ.

ಒಟಾಗೊದ ಕಪ್ತಾನಗಿರಿ ಹದಿನಾಲ್ಕು ತಿಂಗಳಿಗೆ ಮುಗಿಯಿತು. 66 ವರ್ಷದ ಆಯಸ್ಸಿನಲ್ಲಿ ಸಮುದ್ರದ ಮೇಲೆ ಅವನು ಆಳಿದ ಹಡಗು ಅದೊಂದೇ. ಒಟಾಗೊ ಕಟ್ಟಿದ್ದು 1869ರಲ್ಲಿ, ಸೂಯೆಜ್ ಕಾಲುವೆ ತೆರೆದ ವರ್ಷ. ಕಾಲುವೆಯೊಳಗೆ ಹೊಗೆ ಬಿಡುವ ಹಡಗುಗಳು ನುಗ್ಗಿದವು, ಹಾಯಿಹಡಗುಗಳು ಒಂದೊಂದಾಗಿ ಗುಜರಿ ಸೇರಿದವು. ಸರ್ಟಿಫಿಕೇಟು ಹಿಡಿದು ಲಂಡನ್ನಿನ ಹಡಗು ಕಂಪನಿಗಳ ಬಾಗಿಲು ತಟ್ಟಿದ ಕಪ್ತಾನರಿಗೆ ಲೆಕ್ಕವಿರಲಿಲ್ಲ. ಕಾನ್ರಾಡ್ ಮತ್ತೆ ಫಸ್ಟ್ ಮೇಟ್ ಆಗಿ 'ಟಾರೆನ್ಸ್' ಹಡಗಿಗೆ ಇಳಿದ. ಒಮ್ಮೆ ಮೇಲೇರಿದವನು ಕೆಳಗಿನ ಕುರ್ಚಿಯಲ್ಲಿ ಕೂತು ಕೆಲಸ ಮಾಡುವುದು ಎಲ್ಲರಿಗೂ ಸಾಧ್ಯವಿಲ್ಲ, ಹೊರದೇಶದಲ್ಲಿ ನೆಲೆಸಿದವರಿಗೆ ಮಾತ್ರ ಇದು ಅಭ್ಯಾಸವಾಗಿರುತ್ತದೆ. ಆ ಹಡಗಿನ ಪ್ರಯಾಣಿಕರಲ್ಲಿ ಜಾನ್ ಗಾಲ್ಸ್‌ವರ್ದಿ ಎಂಬ ಎಳೆಯ ವಕೀಲನಿದ್ದ. ಮೇಟ್ ಸಾಹೇಬರ ಪೆಟ್ಟಿಗೆಯಲ್ಲಿ ಒಂದು ಅರ್ಧಂಬರ್ಧ ಕಾದಂಬರಿ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ, ಮುಂದೆ ಈ ವಕೀಲನೇ ನೊಬೆಲ್ ಪಡೆಯುತ್ತಾನೆಂದು ಮೇಟ್ ಸಾಹೇಬರಿಗೂ ಗೊತ್ತಿರಲಿಲ್ಲ.

ಕೊನೆಯ ಹಡಗು 'ಅಡೋವಾ'. ಫ್ರಾನ್ಸಿನಿಂದ ಕೆನಡಾಕ್ಕೆ ವಲಸೆ ಹೋಗುವವರನ್ನು ಸಾಗಿಸುವುದು ಅದರ ಕೆಲಸ. ಬಾಡಿಗೆ ಗೊತ್ತಾಗಿ, ಮಂಚಗಳನ್ನು ಜೋಡಿಸಿ, ರೂವಾಂ ಊರಿನ ನದಿದಂಡೆಯಲ್ಲಿ ಚಳಿಗಾಲದಲ್ಲಿ ವಾರಗಟ್ಟಲೆ ಹಡಗು ಕಾದಿತು. ವಲಸಿಗರು ಬರಲೇ ಇಲ್ಲ. ಕಾನ್ರಾಡ್ ಖಾಲಿ ಹಡಗಿನ ಕೋಣೆಯಲ್ಲಿ ಕೂತು ಕಾದಂಬರಿ ಮುಂದುವರಿಸಿದ. ಇದ್ದೊಬ್ಬ ವಲಸಿಗ ಅವನೇ. 1894ರ ಜನವರಿ 17ರಂದು ಲಂಡನ್ನಿನಲ್ಲಿ ಆ ಹಡಗಿನಿಂದ ಇಳಿದವನು ಮತ್ತೆ ನೌಕರಿಗೆಂದು ಹಡಗು ಹತ್ತಲಿಲ್ಲ. ಹಾಗೆಂದು ಆಸೆ ಬಿಟ್ಟಿರಲಿಲ್ಲ. ಮೂರ್ನಾಲ್ಕು ಪುಸ್ತಕ ಬಂದ ಮೇಲೂ, 1898ರಲ್ಲಿ, ಯಾವುದಾದರೂ ಹಡಗಿನ ಕಪ್ತಾನಗಿರಿ ಸಿಗಬಹುದೇ ಎಂದು ಗ್ಲಾಸ್ಗೋವರೆಗೆ ಹೋಗಿ ಕೇಳಿ ಬಂದ. ವಿಮರ್ಶಕರು ಮೇಧಾವಿ ಎಂದು ಹೊಗಳಿದ್ದರು, ಹಡಗಿನ ಧಣಿಗಳು ಕೆಲಸವಿಲ್ಲ ಅಂದರು. ಮನೆ ಬಾಡಿಗೆ ಕಟ್ಟುವವನಿಗೆ ಯಾರ ಮಾತು ಭಾರವೋ ನೀವೇ ಹೇಳಿ. ಸ್ವಂತ ಮನೆ ಅವನಿಗೆ ಕೊನೆಯವರೆಗೂ ಆಗಲಿಲ್ಲ.

1896ರಲ್ಲಿ ಜೆಸ್ಸಿ ಎಂಬ ಟೈಪಿಸ್ಟ್ ಹುಡುಗಿಯನ್ನು ಮದುವೆಯಾದ. ಮದುವೆಯಾದ ಹೊಸತರಲ್ಲಿ ಫ್ರಾನ್ಸಿನ ಒಂದು ದ್ವೀಪದಲ್ಲಿದ್ದಾಗ ಅವನಿಗೆ ಜ್ವರ ಬಂತು. ಜ್ವರದ ತಾಪದಲ್ಲಿ ಬಾಯಿಂದ ಬರೀ ಪೋಲಿಷ್. ಹೊಸ ಹೆಂಡತಿಗೆ ಒಂದಕ್ಷರ ತಿಳಿಯದು, ಸುತ್ತಲಿನವರಿಗೂ ತಿಳಿಯದು. ಬೇಡುತ್ತಿದ್ದಾನೋ ಬೈಯುತ್ತಿದ್ದಾನೋ ಅರಿಯದೆ ಆಕೆ ಹೆದರಿ ಕೂತಳು, ಆದರೆ ಪಕ್ಕದಲ್ಲೇ ಕೂತಳು. ಐದು ವರ್ಷಗಳ ಮೇಲೆ ಬರೆದ 'ಎಮಿ ಫಾಸ್ಟರ್' ಕಥೆಯಲ್ಲಿ ಹಡಗೊಡೆದು ಇಂಗ್ಲಿಷ್ ಹಳ್ಳಿಯ ದಡಕ್ಕೆ ಬಂದು ಬಿದ್ದ ಪರದೇಶಿಯೊಬ್ಬ ಹೀಗೇ ಜ್ವರದಲ್ಲಿ ನೀರು ಕೇಳುತ್ತಾನೆ, ತನ್ನ ಭಾಷೆಯಲ್ಲಿ. ಹೆಂಡತಿ ಹೆದರಿ ಕೂಸನ್ನೆತ್ತಿಕೊಂಡು ಓಡಿಹೋಗುತ್ತಾಳೆ. ಜೆಸ್ಸಿ ಓಡಿಹೋಗಲಿಲ್ಲ, ಮುಂದೆ ಒಂದು ಅಡುಗೆ ಪುಸ್ತಕ ಬರೆದಳು, ಗಂಡನೇ ಅದಕ್ಕೆ ಮುನ್ನುಡಿ ಬರೆದ. ಬದುಕಿನ ಕಥೆಗಿಂತ ಬರೆದ ಕಥೆ ಯಾವಾಗಲೂ ಒಂದು ಪಟ್ಟು ಹೆಚ್ಚು ಕ್ರೂರ.

ಊರಿನವರು ಸುಮ್ಮನಿದ್ದರೆ? 1899ರಲ್ಲಿ ಎಲಿಜಾ ಒಝೆಶ್ಕೋವಾ ಎಂಬ ಪೋಲೆಂಡಿನ ಹಿರಿಯ ಲೇಖಕಿ, ಪ್ರತಿಭಾವಂತರು ತಾಯ್ನಾಡು ಬಿಟ್ಟು ಹೋಗುವ ಚರ್ಚೆಯಲ್ಲಿ ಇವನ ಹೆಸರೆತ್ತಿ, ದುಡ್ಡಿಗಾಗಿ ಪರಭಾಷೆಯಲ್ಲಿ ಬರೆಯುತ್ತಾನೆಂದು ಕಟುವಾಗಿ ಝಾಡಿಸಿದಳು. ಅದೇ ಹೊತ್ತಿನಲ್ಲಿ ಅವನು ಅಡ್ವಾನ್ಸಿಗಾಗಿ ಪ್ರಕಾಶಕರಿಗೆ ಕಾಗದದ ಮೇಲೆ ಕಾಗದ ಬರೆಯುತ್ತಿದ್ದ. ಇತ್ತ ಇಂಗ್ಲೆಂಡಿನಲ್ಲಿ, ಆ ಭಾಷೆಯ ಗದ್ಯವನ್ನು ಮೆರೆಸಿದವನು ಬಾಯಿ ತೆರೆದರೆ ಕೇಳುವವರು ಕಂಗಾಲು. ಫ್ರೆಂಚ್ ಕವಿ ವಾಲೆರಿ ಅವನನ್ನು ಭೇಟಿಯಾದಾಗ ಇಂಗ್ಲಿಷ್ ಉಚ್ಚಾರಣೆ ಅಷ್ಟು ಕೆಟ್ಟದಾಗಿದ್ದದ್ದು ಕೇಳಿ ಬೆರಗಾದ. ನಲವತ್ತಾರು ವರ್ಷ ಇಂಗ್ಲಿಷಿನಲ್ಲಿ ಬದುಕಿದರೂ ನಾಲಿಗೆ ಮಾತ್ರ ಪೌರತ್ವ ತೆಗೆದುಕೊಳ್ಳಲಿಲ್ಲ. ಸಾಯುವ ವರ್ಷ, 1924ರಲ್ಲಿ, ಸರ್ಕಾರ 'ಸರ್' ಪದವಿ ಕೊಡುತ್ತೇನೆಂದಾಗ ಬೇಡವೆಂದ. ಇರುವ ಹೆಸರನ್ನೇ ಸರಿಯಾಗಿ ಬರೆಯಲು ಬರದವರಿಂದ ಇನ್ನೊಂದೇಕೆ ಎಂದಿರಬೇಕು ಎಂಬುದು ನನ್ನ ಊಹೆ, ಪಂಡಿತರು ಒಪ್ಪುವುದಿಲ್ಲ.

ಇನ್ನು ಮಾವ. ಬೊಬ್ರೊವ್‌ಸ್ಕಿ ಒಂದು ದಿನ ಲೆಕ್ಕ ಮುಗಿಸಿ ಅಡಿಗೆರೆ ಎಳೆದ. ಕೈಗೆ ಕೊಟ್ಟ 3,600 ರೂಬಲ್ ಬಂಡವಾಳ ಬಿಟ್ಟು, ಕೊನ್ರಾದ್ ಎಂಬವನನ್ನು ಮನುಷ್ಯನನ್ನಾಗಿ ಮಾಡಲು ತಗುಲಿದ ಒಟ್ಟು ಖರ್ಚು 17,454 ರೂಬಲ್ ಎಂದು ಬರೆದಿಟ್ಟ. ಅಡೋವಾದಿಂದ ಅಳಿಯ ಇಳಿದು ಒಂದು ತಿಂಗಳು ತುಂಬುವ ಮೊದಲೇ, 1894ರ ಫೆಬ್ರವರಿಯಲ್ಲಿ ತೀರಿಕೊಂಡ. ಉಯಿಲಿನಲ್ಲಿ ಮತ್ತೆ 15,000 ರೂಬಲ್ ಅಳಿಯನಿಗೆ. ಮರುವರ್ಷ ಅಚ್ಚಾದ ಮೊದಲ ಕಾದಂಬರಿ 'ಆಲ್ಮೇಯರ್ಸ್ ಫಾಲಿ'ಯನ್ನು ಅಳಿಯ ಮಾವನ ನೆನಪಿಗೆ ಅರ್ಪಿಸಿದ. ಸಮುದ್ರಕ್ಕೆ ಹೋಗಬೇಡ ಎಂದು ಗೋಗರೆದವನು ಸಮುದ್ರದ ಲೇಖಕನ ಮೊದಲ ಪುಟದಲ್ಲಿ ಕೂತ. ಮಾವ ಬರೆದ ಕಾಗದಗಳು ಅಳಿಯನ ಹತ್ತಿರ ಉಳಿದವು. ಅಳಿಯ ಮಾವನಿಗೆ ಬರೆದವು, ಒಂದೊಂದು ಬಂದರಿನಿಂದ, ಎರಡು ದಶಕದ ಕಾಗದಗಳು, 1917ರ ಕ್ರಾಂತಿಯಲ್ಲಿ ಮನೆಯ ಸಮೇತ ಹಾಳಾದವು. ಆ ಏಪ್ರಿಲಿನ ಕಾಗದವೂ ಅದರಲ್ಲೇ ಇತ್ತೇನೋ, ನಮ್ಮ ಬಿಸಿಲಿನ ಸುದ್ದಿ ಹೊತ್ತು.

ನಮ್ಮ ರಾಜ್ಯದಲ್ಲಿ ಈಗ ಮನೆಗೊಬ್ಬ ಸೋದರಳಿಯ ಹೊರದೇಶದಲ್ಲಿದ್ದಾನೆ, ಹಡಗಿನಲ್ಲೋ ಸಾಫ್ಟ್‌ವೇರಿನಲ್ಲೋ. ಅವರಲ್ಲಿ ಯಾರು ನಾಳೆ ದೊಡ್ಡವರಾಗುತ್ತಾರೋ, ಆತ್ಮಕಥೆಯಲ್ಲಿ ಯಾವ ಫೇಲನ್ನು ನುಂಗುತ್ತಾರೋ ಹೇಳಲಾಗದು. ಸೋದರಮಾವಂದಿರಲ್ಲಿ ನನ್ನ ಮನವಿ ಇಷ್ಟೇ: ಕೊಟ್ಟಿದ್ದಕ್ಕೆಲ್ಲ ತಾರೀಖು ಹಾಕಿ ಲೆಕ್ಕ ಬರೆದಿಡಿ. ಫೋನಿನಲ್ಲಲ್ಲ, ಪುಸ್ತಕದಲ್ಲಿ.